ಹತ್ತು ಸೆಕೆಂಡಿನ ಪಂಚಾತಿಕೆ

ಒಂದೇ ಕಂಪ್ಯೂಟರಿನಲ್ಲಿ ಎರಡೆರಡು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡವರನ್ನು ಕಂಡುಹಿಡಿಯುವುದು ಬಹಳ ಸುಲಭ ಮಾರಾಯ್ರೆ. ನೀವು ಕೇಳಬೇಕೆಂದೇ ಇಲ್ಲ, ಅವರೇ ಹೇಳುತ್ತಾರೆ. ಮದುವೆ ಹಾಲಿನ ಪಂಕ್ತಿಯಲ್ಲಿ ಅಂಥವರ ಪಕ್ಕದ ಎಲೆಗೆ ಕೂತಿರೋ, ಮುಗಿಯಿತು. ಸಾರು ಬಡಿಸುವಾಗ ಪೆನ್‌ಡ್ರೈವಿನಿಂದ ಶುರುಮಾಡಿ, ಪಾಯಸ ಬರುವಷ್ಟರಲ್ಲಿ ಪಾರ್ಟಿಷನ್ ಮುಗಿಸಿ, ಮಜ್ಜಿಗೆಗೆ ಕೈ ಒಡ್ಡುವಾಗ "ನೀವೂ ಒಂದು ಹಾಕಿಸಿ" ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಹಾಕಿಸಿ ಎಂತ ಮಾಡುವುದು ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಅವರನ್ನು ಈವರೆಗೆ ಯಾರೂ ಕೇಳಿದ್ದಿಲ್ಲ, ಅವರೂ ಕೇಳಿಕೊಂಡದ್ದಿಲ್ಲ.

ಮೊದಲೆಲ್ಲ ಈ ಗೀಳು ಸುರತ್ಕಲ್ಲಿನ ಎನ್‌ಐಟಿಕೆ ಹಾಸ್ಟೆಲಿನ ಹುಡುಗರಿಗೆ, ಅವರ ಸಹವಾಸಕ್ಕೆ ಬಿದ್ದ ಆಚೀಚಿನ ಕಾಲೇಜಿನವರಿಗೆ ಮಾತ್ರ ಇತ್ತು. ಉಬುಂಟು ಎಂಬ ಲಿನಕ್ಸ್ ತಯಾರಿಸುವ ಕೆನಾನಿಕಲ್ ಕಂಪನಿಯವರು 2011ರವರೆಗೆ ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. ಧರ್ಮಕ್ಕೆ ಸಿಗುವುದನ್ನು ಬೇಡ ಎನ್ನುವ ಜಾತಿ ನಮ್ಮದಲ್ಲವಲ್ಲ, ತರಿಸಿಯೇ ತರಿಸಿದೆವು. ಕಂಪ್ಯೂಟರಿನೊಳಗೆ ಹೋದ ಸಿಡಿ ಎಷ್ಟೋ, ಬಸಳೆ ಚಪ್ಪರದಲ್ಲಿ ಹಕ್ಕಿ ಓಡಿಸಲು ನೇತಾಡಿದ್ದು ಎಷ್ಟೋ, ಲೆಕ್ಕ ಇಟ್ಟವರಿಲ್ಲ.

ಈಗ ಆ ಗೀಳು ಸಂಸಾರಸ್ಥರಿಗೂ ಹಬ್ಬಿದೆ. ಕಾರಣ ಒಂದು ತಾರೀಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ವಿಂಡೋಸ್ 10ರ ಸಾಮಾನ್ಯ ಆರೈಕೆ ನಿಲ್ಲಿಸಿದರು. ಹನ್ನೊಂದಕ್ಕೆ ಹೋಗಿ ಅಂದರು. ಹೋಗೋಣ ಎಂದರೆ ಅದು ಬಾಗಿಲಲ್ಲೇ ನಿಲ್ಲಿಸಿ ಕುಲಗೋತ್ರ ಕೇಳುತ್ತದೆ: ಟಿಪಿಎಂ 2.0 ಎಂಬ ಚಿಪ್ಪು ಉಂಟಾ, ಪ್ರೊಸೆಸರು ಇಂಟೆಲ್ಲಿನದ್ದಾದರೆ ಎಂಟನೇ ತಲೆಮಾರೋ ಅದರ ನಂತರದ್ದೋ, ಸೆಕ್ಯೂರ್ ಬೂಟ್ ಗೊತ್ತುಂಟಾ? ಅಂದರೆ 2017ಕ್ಕಿಂತ ಹಿಂದಿನ ತಲೆಮಾರಿನ ಪ್ರೊಸೆಸರ್ ಇದ್ದ ಪೆಟ್ಟಿಗೆ, ಎಷ್ಟೇ ಗಟ್ಟಿಮುಟ್ಟಾಗಿರಲಿ, ಒಳಗೆ ಪ್ರವೇಶ ಇಲ್ಲ. ಹಾಗೆ ಹೊರಗುಳಿದ ಒಂದು ಪೆಟ್ಟಿಗೆ ನನ್ನ ತಂಗಿಯ ಮಗನದ್ದು.

ಬಿಜೈಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಡಿಟಿಪಿ ಅಂಗಡಿ. ಮದುವೆಯ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಬ್ರಹ್ಮಕಲಶೋತ್ಸವದ ಆಮಂತ್ರಣ. ಈ ಮೂರನೆಯದ್ದೇ ಅವನ ಅನ್ನ. ಯಾಕೆಂದರೆ ಬ್ರಹ್ಮಕಲಶಕ್ಕೆ ಒಂದು ಸಮಿತಿ ಸಾಕಾಗುವುದಿಲ್ಲ. ಸಮಿತಿ, ಉಪಸಮಿತಿ, ಹೊರೆಕಾಣಿಕೆ ಸಮಿತಿ, ಚಪ್ಪರ ಸಮಿತಿ, ಪಾರ್ಕಿಂಗ್ ಸಮಿತಿ, ಇವಕ್ಕೆಲ್ಲ ಗೌರವ ಸಲಹೆಗಾರರು. ಒಂದು ಹೆಸರು ಬಿಟ್ಟುಹೋದರೆ ಊರಿಗೆ ಊರೇ ಮಂಡೆಬಿಸಿ. ಇಷ್ಟು ಹೆಸರನ್ನು ಇರುವೆ ಗಾತ್ರದ ಅಕ್ಷರದಲ್ಲಿ ಒಂದೇ ಪುಟಕ್ಕೆ ತುರುಕುವ ವಿದ್ಯೆ ಅವನಿಗೆ ಕರಗತ, ಆ ವಿದ್ಯೆ ನಡೆಯುವುದು ಪೇಜ್‌ಮೇಕರಿನಲ್ಲಿ, ಪೇಜ್‌ಮೇಕರ್ ನಡೆಯುವುದು ವಿಂಡೋಸಿನಲ್ಲಿ. ಅದರ ಏಳನೇ ಆವೃತ್ತಿ ಬಂದದ್ದು 2001ರಲ್ಲಿ. ಎಂಟನೆಯದು ಬರಲೇ ಇಲ್ಲ. ಕಂಪನಿ ಬಿಟ್ಟುಬಿಟ್ಟರೂ ನಮ್ಮ ಡಿಟಿಪಿಯವರು ಬಿಡಲಿಲ್ಲ.

ಹುಡುಗನ ಕಥೆ ಇದಾದರೆ ಹುಡುಗಿಯದ್ದು ಬೇರೆ. ನಮ್ಮ ಸೊಸೆ ಮಂಜೇಶ್ವರದ ಕಡೆಯವಳು, ಅಲ್ಲಿನದೇ ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ತಲಪಾಡಿ ದಾಟಿ ಹೋಗುತ್ತಾಳೆ. 1956ರ ನವೆಂಬರ್ 1ರವರೆಗೆ ಮಂಗಳೂರು, ಕಾಸರಗೋಡು ಎರಡೂ ಒಂದೇ ಜಿಲ್ಲೆ. ಅಂದಿನಿಂದ ತಲಪಾಡಿ ಗಡಿ. ಆ ಗಡಿ ಕಂಪ್ಯೂಟರಿನೊಳಗೂ ಹಾದುಹೋಗುತ್ತದೆ ಎಂಬುದು ಈ ಮದುವೆ ಆಗುವವರೆಗೆ ನಮಗೆ ಹೊಳೆದಿರಲಿಲ್ಲ.

ವಿಷಯ ಏನೆಂದರೆ, ಕೇರಳದವರು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರುಮಾಡಿದರು. ಕೆಲವು ವರ್ಷ ಕಳೆಯುವಷ್ಟರಲ್ಲಿ ಶಾಲೆಯ ಕಂಪ್ಯೂಟರ್ ಪಾಠವನ್ನು ಇಡಿಯಾಗಿ ಲಿನಕ್ಸಿಗೆ ತಿರುಗಿಸಿಬಿಟ್ಟರು. 2017ರಲ್ಲಿ ಯೋಜನೆ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. 2019ರಲ್ಲಿ ಅವರು ಉಬುಂಟು ಆಧಾರದ ತಮ್ಮದೇ ಲಿನಕ್ಸಿನ ಹೊಸ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರಿಗೆ ಹಾಕಲು ಹೊರಟಾಗ, ಲೈಸೆನ್ಸಿನ ಹಣದಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆಂದು ಲೆಕ್ಕ ಕೊಟ್ಟರು. ಹಾಗಾಗಿ ಕಾಸರಗೋಡಿನ ಕನ್ನಡ ಶಾಲೆಯ ಮಗು ಚಿತ್ರ ಬಿಡಿಸುವುದು ಜಿಂಪ್‌ನಲ್ಲಿ, ಕಾಗದ ಬರೆಯುವುದು ಲಿಬ್ರೆ ಆಫೀಸಿನಲ್ಲಿ, ರೇಖಾಗಣಿತ ಜಿಯೋಜೀಬ್ರಾದಲ್ಲಿ. ಗಡಿಯ ಈಚೆ, ತೊಕ್ಕೊಟ್ಟಿನ ಮಗು ವಿಂಡೋಸಿನಲ್ಲಿ ಪೈಂಟ್ ತೆರೆದು ಮನೆ, ಮರ, ಸೂರ್ಯ ಎಂದು ಗೀಚುತ್ತಾ ಇರುತ್ತದೆ. ನಡುವೆ ಇರುವುದು ಎರಡು ಬಸ್‌ಸ್ಟಾಪಿನ ದೂರ ಅನ್ನಿ.

ಅಂಥ ಸೊಸೆಗೆ ಗಂಡನ ಮನೆಯ ಕಂಪ್ಯೂಟರ್ ನೋಡಿ ಆದ ಸಂಕಟ ವಿವರಿಸಲು ಸಾಧ್ಯವಿಲ್ಲ. "ಮಾವ, ಇವರಿಗೆ ಹೇಳಿ. ಇನ್ನು ವಿಂಡೋಸ್ 10 ಇಟ್ಟುಕೊಂಡು ಬ್ಯಾಂಕಿನ ಕೆಲಸ ಎಲ್ಲ ಮಾಡಬಾರದು. ಲಿನಕ್ಸ್ ಹಾಕುವ. ಪೆಟ್ಟಿಗೆ ಹೊಸತು ಆದ ಹಾಗೆ ಆಗ್ತದೆ" ಎಂದು ಅವಳು. "ಮಾವ, ಇವಳಿಗೆ ಹೇಳಿ. ಪೇಜ್‌ಮೇಕರ್ ಹೋದರೆ ನಾನು ಹೋದ ಹಾಗೇ" ಎಂದು ಅವನು. ನಿವೃತ್ತ ಬ್ಯಾಂಕಿನವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಪಂಚಾತಿಕೆಗೆ ಕೂರಿಸಿದರು. ನಮ್ಮ ಊರಿನ ಪಂಚಾತಿಕೆಯ ತೀರ್ಪು ಹೇಗಿರುತ್ತದೆಂದು ನಿಮಗೆ ಗೊತ್ತೇ ಉಂಟಲ್ಲ. ಎರಡೂ ಇರಲಿ ಅಂದೆ.

ಎರಡೂ ಇರಲಿ ಎಂದು ಹೇಳುವುದಕ್ಕೆ ಒಂದು ಗೋಳಿಬಜೆ ತಿನ್ನುವಷ್ಟು ಹೊತ್ತು ಸಾಕು. ಮಾಡುವುದು ಬೇರೆ ಮಾತು. ಹಾರ್ಡ್‌ಡಿಸ್ಕನ್ನು ಪಾರ್ಟಿಷನ್ ಮಾಡುವುದೆಂದರೆ ನಮ್ಮ ಜಿಲ್ಲೆಯಲ್ಲಿ ಕುಟುಂಬದ ಜಾಗ ಪಾಲು ಮಾಡಿದ ಹಾಗೆಯೇ. ಹಿರಿಯಣ್ಣ ವಿಂಡೋಸ್ ಮೊದಲಿನಿಂದಲೂ ಕೂತಿದ್ದಾನೆ, 500 ಜಿಬಿಯೂ ತನ್ನದೇ ಎಂದು ನಂಬಿದ್ದಾನೆ. ತಮ್ಮನಿಗೆ ಸ್ವಲ್ಪ ಬಿಡು ಎಂದರೆ "ಅದಕ್ಕೆಂತ, ಖಾಲಿ ಬೇಕಾದಷ್ಟು ಉಂಟು" ಎನ್ನುತ್ತಾನೆ. ಹಗ್ಗ ಹಿಡಿದು ಅಳೆಯಲು ಹೋದಾಗ ಬಣ್ಣ ಬಯಲು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಶ್ರಿಂಕ್ ಒತ್ತಿದರೆ, ಖಾಲಿ ಇರುವುದರಲ್ಲಿ ಅರ್ಧವನ್ನೂ ಬಿಡಲು ತಯಾರಿಲ್ಲ. ಯಾಕಪ್ಪಾ ಎಂದರೆ, ಜಾಗದ ನಟ್ಟನಡುವೆ ಅಲುಗಾಡಿಸಲಾಗದ ಕೆಲವು ಫೈಲು ಕೂತಿವೆ. ಹೈಬರ್ನೇಷನ್ ಫೈಲು, ಪೇಜ್ ಫೈಲು, ಇಂಥವು. ನಾಗಬನ ಇದ್ದ ಹಾಗೆ. ಅದರ ಆಚೆಗಿನ ಜಾಗ ಖಾಲಿ ಇದ್ದರೂ ಗೆರೆ ಎಳೆಯುವ ಧೈರ್ಯ ಯಾರಿಗೂ ಇಲ್ಲ. ಕ್ರಮಪ್ರಕಾರ ಒಂದು ಶಾಂತಿ ಮಾಡಿಸಬೇಕು: ಹೈಬರ್ನೇಷನ್ ನಿಲ್ಲಿಸಿ, ಪೇಜ್ ಫೈಲನ್ನು ತಾತ್ಕಾಲಿಕವಾಗಿ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಕೇಳಿದರೆ ಅಣ್ಣ ಸಡಿಲ ಬಿಡುತ್ತಾನೆ.

ತಮ್ಮನ ಆಸೆ ದೊಡ್ಡದಲ್ಲ. ಉಬುಂಟು 24.04ಕ್ಕೆ 25 ಜಿಬಿ ಇದ್ದರೆ ಬಿಡಾರ ಹೂಡುತ್ತದೆ. ಚಿತ್ರ, ವಿಡಿಯೋ, ಶಾಲೆಯ ಪಾಠ ಎಂದು ಸೇರಿಸಿ ನೂರು ಕೊಟ್ಟರೆ ರಾಜ. ಬಾಗಿಲು ಮಾತ್ರ ಇಬ್ಬರಿಗೂ ಒಂದೇ. ಈಗಿನ ಯುಇಎಫ್‌ಐ ಪೆಟ್ಟಿಗೆಗಳಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಒಂದು ಚಿಕ್ಕ ಚಾವಡಿ ಇರುತ್ತದೆ, ವಿಂಡೋಸ್ ಹಾಕುವಾಗಲೇ ಸಾಮಾನ್ಯವಾಗಿ 100 ಎಂಬಿಯಷ್ಟು ಮಾಡಿಟ್ಟದ್ದು. ಅಣ್ಣನ ಚಪ್ಪಲಿ ಒಂದು ಫೋಲ್ಡರಿನಲ್ಲಿ, ತಮ್ಮನದ್ದು ಇನ್ನೊಂದರಲ್ಲಿ. ಒಬ್ಬರದ್ದನ್ನು ಇನ್ನೊಬ್ಬರು ಮೆಟ್ಟಿಕೊಂಡು ಹೋಗದಿದ್ದರೆ ಜಗಳವಿಲ್ಲ. ಹಳೇ ಎಂಬಿಆರ್ ಪದ್ಧತಿಯಲ್ಲಾದರೆ ನಾಲ್ಕೇ ನಾಲ್ಕು ಮುಖ್ಯ ಪಾಲಿಗೆ ಅವಕಾಶ ಇತ್ತು. ಈಗಿನ ಜಿಪಿಟಿಯಲ್ಲಿ 128 ಪಾಲು ಮಾಡಬಹುದು. ನಮ್ಮ ಕೆಲವು ಕುಟುಂಬಗಳಿಗೆ ಅದೂ ಕಡಿಮೆಯಾದೀತು.

ಪಾಲಿನ ದಿನ ಕೇಳುವ ಮೊದಲ ಪ್ರಶ್ನೆ ಮುಹೂರ್ತದ್ದಲ್ಲ, ಕರೆಂಟಿನದ್ದು. ಗೆರೆ ಸರಿಸುತ್ತಿರುವಾಗ ಅರ್ಧದಲ್ಲಿ ಕರೆಂಟು ಹೋದರೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಮಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕುವವನು ಒಂದೋ ಯುಪಿಎಸ್ ಇಟ್ಟವನು, ಇಲ್ಲವೇ ದೈವದಲ್ಲಿ ಅಪಾರ ನಂಬಿಕೆ ಇಟ್ಟವನು. ಸೊಸೆ ಎರಡನ್ನೂ ನೆಚ್ಚದೆ ಮೊದಲು ಅಂಗಡಿಯ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಟೀಚರಲ್ಲವೋ. ಹೊಸ ಲ್ಯಾಪ್‌ಟಾಪಿನವರು ಇನ್ನೂ ಒಂದು ಕಾಗದ ಕಪಾಟಿನಲ್ಲಿಡಬೇಕು. ವಿಂಡೋಸ್ 11 ಹಾಕಿದ ಅನೇಕ ಲ್ಯಾಪ್‌ಟಾಪುಗಳಲ್ಲಿ ಯಜಮಾನನಿಗೆ ಗೊತ್ತೇ ಇಲ್ಲದೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬೂಟಿನ ವ್ಯವಸ್ಥೆ ಕದಲಿಸಿದ ಕೂಡಲೇ ಅದು ಎಚ್ಚರಾಗಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹೆಂಡತಿಯ ಹುಟ್ಟಿದ ತಾರೀಕೇ ನೆನಪಿಲ್ಲದವನಲ್ಲಿ 48 ಅಂಕಿ! ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಮೊದಲೇ ತೆಗೆದು ಬರೆದಿಡುವುದು ಕ್ಷೇಮ.

ವಿಂಡೋಸಿನ ಇನ್ನೊಂದು ಗುಣ ನನಗೆ ಬಹಳ ಮೆಚ್ಚುಗೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅದಕ್ಕೆ ಫಾಸ್ಟ್ ಸ್ಟಾರ್ಟಪ್ ಎಂಬ ಅಭ್ಯಾಸ. ಶಟ್‌ಡೌನ್ ಒತ್ತಿದರೆ ಅದು ಪೂರ್ತಿ ಮಲಗುವುದಿಲ್ಲ, ಕರ್ನಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಕಣ್ಣುಮುಚ್ಚಿ ನಟಿಸುತ್ತದೆ, ಬೆಳಿಗ್ಗೆ ಬೇಗ ಏಳಬಹುದಲ್ಲ ಎಂದು. ಪೂರ್ತಿ ಮಲಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು. ಮಲಗು ಎಂದರೆ ಮಲಗುವುದಿಲ್ಲ, ಏಳು ಎಂದರೆ ಮಲಗುತ್ತದೆ! ಲಿನಕ್ಸ್ ಬಂದು ನೋಡಿದರೆ ವಿಂಡೋಸಿನ ಪಾಲಿನ ಬಾಗಿಲು ಅರ್ಧ ತೆರೆದೇ ಉಂಟು; "ಒಳಗೆ ಜನ ಉಂಟು, ನಾನು ಬರೇ ನೋಡುತ್ತೇನೆ, ಮುಟ್ಟುವುದಿಲ್ಲ" ಎಂದು ಮರ್ಯಾದೆಯಿಂದ ಓದುವುದಕ್ಕಷ್ಟೇ ತೆರೆಯುತ್ತದೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಯಲ್ಲಿ ಆ ಒಂದು ಟಿಕ್ ತೆಗೆದರೆ ಎಲ್ಲ ಸುಸೂತ್ರ. ತೆಗೆಯದವರು ಲಿನಕ್ಸಿಗೆ ಬೈಯುತ್ತಾ ಇರುತ್ತಾರೆ.

ಅಂತೂ ಒಂದು ಭಾನುವಾರ ಪೆನ್‌ಡ್ರೈವಿನಿಂದ ಲಿನಕ್ಸನ್ನು ಮೊದಲು ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಿದರು. ವೈಫೈ ಬಂತು, ಶಬ್ದ ಬಂತು, ಮೂಲೆಯ ಹಳೇ ಪ್ರಿಂಟರು ಯಾವ ಡ್ರೈವರನ್ನೂ ಕೇಳದೆ ಕಾಗದ ಕಕ್ಕಿತು. ಅಳಿಯನ ಮುಖ ನೋಡಬೇಕಿತ್ತು. ವಿಂಡೋಸಿನಲ್ಲಿ ಅದಕ್ಕೆ ಡ್ರೈವರು ಹುಡುಕಿ ಅವನ ಕೂದಲು ಉದುರಿತ್ತು. ಆದರೂ ಬಾಯಿ ಬಿಡಲಿಲ್ಲ. ಆಮೇಲೆ ನಿಜವಾದ ಇನ್‌ಸ್ಟಾಲು, ಕಡೆಗೆ ರೀಸ್ಟಾರ್ಟು. ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ದ್ವಾರಪಾಲಕ ಬಂದು ನಿಂತ: ಉಬುಂಟುವೋ ವಿಂಡೋಸೋ? ಹತ್ತು ಸೆಕೆಂಡು ಸಮಯ. ಉತ್ತರ ಬಾರದಿದ್ದರೆ ಮೊದಲ ಸಾಲಿನವರೇ ಯಜಮಾನರು.

ಈ ಹತ್ತು ಸೆಕೆಂಡು ಉಂಟಲ್ಲ, ಜಗಳವೆಲ್ಲ ಇಲ್ಲಿಯೇ. ಕಂಪ್ಯೂಟರ್ ಒತ್ತಿ ಕಾಫಿಗೆ ಹೋಗುವುದು ನಮ್ಮವರ ಕ್ರಮ. ಕಾಫಿ ಕುಡಿದು ಬರುವಾಗ ಹತ್ತು ಸೆಕೆಂಡು ಯಾವಾಗಲೋ ಮುಗಿದು ಉಬುಂಟು ಕೂತಿರುತ್ತದೆ. ಹೊರಗೆ ಬ್ರಹ್ಮಕಲಶದ ಸಮಿತಿಯವರು ಕಾದಿದ್ದಾರೆ, ಅಳಿಯ ಮತ್ತೆ ಮುಚ್ಚಿ, ಮತ್ತೆ ತೆರೆದು, ಈ ಬಾರಿ ಕಣ್ಣು ಮಿಟುಕಿಸದೆ ಕೀಬೋರ್ಡಿನ ಬಾಣದ ಗುರುತಿನ ಮೇಲೆ ಬೆರಳಿಟ್ಟು ಕಾಯಬೇಕು. ಕೆಲವು ಹೊಸ ಲಿನಕ್ಸುಗಳಲ್ಲಿ ಇನ್ನೊಂದು ಫಜೀತಿ. ಗ್ರಬ್‌ನ 2021ರ ಆವೃತ್ತಿಯಿಂದ ಪಕ್ಕದ ಪಾಲಿನಲ್ಲಿ ಯಾರಿದ್ದಾರೆಂದು ಹುಡುಕುವ ಅಭ್ಯಾಸವನ್ನೇ ಸುರಕ್ಷತೆಯ ಕಾರಣಕ್ಕೆ ನಿಲ್ಲಿಸಿಟ್ಟಿದ್ದಾರೆ. ಪಟ್ಟಿಯಲ್ಲಿ ವಿಂಡೋಸ್ ಕಾಣುವುದೇ ಇಲ್ಲ. ಜನ "ವಿಂಡೋಸ್ ಹೋಯ್ತು" ಎಂದು ಬೊಬ್ಬೆ ಹೊಡೆಯುತ್ತಾರೆ. ಎಲ್ಲಿಗೂ ಹೋಗಿಲ್ಲ ಮಾರಾಯ್ರೆ, ಅಲ್ಲೇ ಉಂಟು. ಗ್ರಬ್‌ನ ಫೈಲಿನಲ್ಲಿ ಒಂದು ಸಾಲು ತಿದ್ದಿ ಅಪ್‌ಡೇಟ್ ಹೊಡೆದರೆ ಪಟ್ಟಿಗೆ ಹೆಸರು ಬರುತ್ತದೆ.

ನಾವೇನೋ ಒಂದು ಜಾಣತನ ಮಾಡಿದ್ದೆವು. ಆರೈಕೆ ನಿಂತ ವಿಂಡೋಸಿಗೆ ಇಂಟರ್‌ನೆಟ್ ಕಟ್. ಅದು ಪುಟ ವಿನ್ಯಾಸಕ್ಕೆ ಮಾತ್ರ. ಮೇಲ್, ಬ್ಯಾಂಕು, ವಾಟ್ಸಾಪು ಎಲ್ಲ ಲಿನಕ್ಸಿನಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಇಟ್ಟುಕೊಳ್ಳುವುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ: ಒಂದರಿಂದ ಆಗದ ಕೆಲಸ ಇನ್ನೊಂದರಿಂದ ಆಗಬೇಕು. ಮತ್ತೆಲ್ಲ ಪಂಕ್ತಿಯಲ್ಲಿ ಕೊಚ್ಚಿಕೊಳ್ಳುವುದಕ್ಕೆ.

ಆದರೆ ನೆಟ್ ಕತ್ತರಿಸಿದ ಮರುದಿನದಿಂದ ಅಂಗಡಿಯಲ್ಲಿ ಬೆಳಗಾಗುವುದು ನಿಂತಿತು. ಹತ್ತು ಗಂಟೆಗೆ ಗಿರಾಕಿಗೆ ಬಿಲ್ಲು ಮುದ್ರಿಸಿದರೆ ಅದರಲ್ಲಿ ಬೆಳಗಿನ ಜಾವ 4.30. ಗಿರಾಕಿ "ಎಂತ ಮಾರಾಯ್ರೆ, ನೀವು ಕೋಳಿ ಕೂಗುವ ಮೊದಲು ಅಂಗಡಿ ತೆಗಿಯುದಾ" ಎಂದು ಕೇಳುವಂತಾಯಿತು. ಇದಕ್ಕೆ ಮಾಟವಲ್ಲ, ಮತಭೇದ ಕಾರಣ. ಕಂಪ್ಯೂಟರಿನೊಳಗೆ ಪುಟ್ಟ ಬ್ಯಾಟರಿಯ ಮೇಲೆ ಸದಾ ಓಡುವ ಗಡಿಯಾರವೊಂದು ಉಂಟು. ಅದರಲ್ಲಿ ಇರುವುದು ಊರಿನ ಸಮಯ ಎಂದು ವಿಂಡೋಸಿನ ನಂಬಿಕೆ. ಜಗತ್ತಿನ ಸಮಯ ಇರಬೇಕು, ಊರಿನದ್ದನ್ನು ಲೆಕ್ಕ ಹಾಕಿಕೊಳ್ಳಬಹುದು ಎಂದು ಲಿನಕ್ಸಿನ ಸಿದ್ಧಾಂತ. ಲಿನಕ್ಸ್ ಗಡಿಯಾರವನ್ನು ತನ್ನ ಪ್ರಕಾರ ಸರಿಮಾಡಿಟ್ಟು ಹೋಗುತ್ತದೆ, ಹಿಂದಿನಿಂದ ವಿಂಡೋಸ್ ಬಂದು ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಇದರ ಪರಿವೆಯೇ ಇರುವುದಿಲ್ಲ, ಅಲ್ಲಿ ಎರಡೂ ಒಂದೇ. ನಮಗೆ ಸರಿಯಾಗಿ ಐದೂವರೆ ಗಂಟೆ ಹಿಂದೆ. ನೆಟ್ ಇದ್ದರೆ ವಿಂಡೋಸ್ ಕೇಳಿ ತಿಳಿದು ತಿದ್ದಿಕೊಳ್ಳುತ್ತಿತ್ತು. ಅದನ್ನು ನಾವೇ ಕತ್ತರಿಸಿದ್ದೇವಲ್ಲ.

"ಆರ್‌ಟಿಸಿಯದ್ದು ತೊಂದರೆ ಮಾವ" ಎಂದಳು ಸೊಸೆ, ಆ ಗಡಿಯಾರಕ್ಕೆ ಅವರ ಭಾಷೆಯಲ್ಲಿ ಹಾಗೆ ಹೆಸರು. ಒಳಗಿದ್ದ ತಂಗಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು: "ಜಾಗದ ಆರ್‌ಟಿಸಿಗೆ ಎಂತಾಯ್ತು? ಯಾರು ಹೆಸರು ಸೇರಿಸಿದ್ದು?" ಪಹಣಿ ಸುರಕ್ಷಿತವಾಗಿದೆ ಎಂದು ಅವಳನ್ನು ಒಪ್ಪಿಸುವುದು ಗಡಿಯಾರ ಸರಿಮಾಡಿದ್ದಕ್ಕಿಂತ ಕಷ್ಟವಾಯಿತು. ಲಿನಕ್ಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟು "ನೀನೂ ಊರಿನ ಸಮಯವನ್ನೇ ಒಪ್ಪಿಕೋ" ಎಂದರೆ ಮುಗಿಯಿತು. ತಾತ್ವಿಕವಾಗಿ ವಿಂಡೋಸನ್ನೇ ತಿದ್ದಬೇಕು ಎಂದು ಸೊಸೆಗೆ ಅಸಮಾಧಾನ ಇತ್ತು. ಗಂಡನ ಮನೆ, ಹೊಂದಿಕೊಂಡಳು.

ಅಷ್ಟು ಹೊತ್ತಿಗೆ ಅಳಿಯನಿಗೆ ಒಂದು ಗೆಲುವು ಸಿಕ್ಕಿತು. ಅವನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಹಳೇ ಆಮಂತ್ರಣವೊಂದನ್ನು ಸೊಸೆ ಲಿನಕ್ಸಿನಲ್ಲಿ ತೆರೆದಳು. ಕನ್ನಡ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇಟ್ಟುಕೊಂಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ನರ ಅಕ್ಷರವೊಂದು. ಸಮಿತಿಯ ಅಧ್ಯಕ್ಷರ ಹೆಸರಂತೂ ಫ್ರಾನ್ಸಿನ ಯಾವುದೋ ಊರಿನ ಹಾಗೆ. "ನೋಡು, ನಿನ್ನ ಲಿನಕ್ಸಿಗೆ ಕನ್ನಡ ಬರುವುದಿಲ್ಲ" ಎಂದು ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅಸಲು ವಿಷಯ ತಿರುಗಾಮುರುಗಾ. ಯೂನಿಕೋಡಿನ ಮೊದಲಿನ ಕಾಲದ ನುಡಿ ಫಾಂಟುಗಳಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದರು. ಆ ಫಾಂಟು ಇದ್ದರೆ ಕನ್ನಡದ ಮುಖ ಕಾಣುತ್ತದೆ, ಇಲ್ಲದಿದ್ದರೆ ಮನೆಯ ಮಾಲೀಕರ ಹೆಸರು ಕಾಣುತ್ತದೆ. ಯೂನಿಕೋಡಿನಲ್ಲಾದರೆ ಕನ್ನಡಕ್ಕೆ ಸ್ವಂತ ಮನೆ. ಪೇಜ್‌ಮೇಕರಿಗೆ ಮಾತ್ರ ಯೂನಿಕೋಡ್ ಗೊತ್ತಿಲ್ಲ, ಇನ್ನು ಕಲಿಯುವ ಪ್ರಾಯವೂ ಅದರದ್ದಲ್ಲ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳುಂಟು. ಸೊಸೆ ಒಂದರಲ್ಲಿ ಹಾಕಿ ಕೆಲವೇ ಕ್ಷಣದಲ್ಲಿ ಅಧ್ಯಕ್ಷರನ್ನು ಫ್ರಾನ್ಸಿನಿಂದ ವಾಪಸು ಕರೆಸಿಕೊಂಡಳು.

ಕೀಲಿಮಣೆಯ ಪ್ರಶ್ನೆ ಬಂದಾಗ ನನಗೂ ಮಾತಾಡುವ ಅವಕಾಶ ಸಿಕ್ಕಿತು. ಅವಳ ಕೈಗೆ ಇನ್‌ಸ್ಕ್ರಿಪ್ಟ್ ರೂಢಿ: ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅವನಿಗೆ ನುಡಿಯ ಕ್ರಮ: ಕ ಬೇಕಾದರೆ ಕೆ, ಒತ್ತಕ್ಷರಕ್ಕೆ ನಡುವೆ ಎಫ್. "ಲಿನಕ್ಸಿನಲ್ಲಿ ನನ್ನ ಕೀಲಿ ಸಿಗುವುದಿಲ್ಲ" ಎಂದು ಅವನ ವಾದ. ಸಿಗುತ್ತದೆ, ಕೆಜಿಪಿ ಎಂಬ ಹೆಸರಿನಲ್ಲಿ. ಮತ್ತೆ ಅದು ನಿನ್ನ ವಿಂಡೋಸಿನ ಸೊತ್ತಲ್ಲ ಮಾರಾಯ, ನಮ್ಮೂರಿನದ್ದು ಎಂದೆ. ಆ ವಿನ್ಯಾಸ ಕೆ.ಪಿ. ರಾವ್ ಅವರದ್ದು; ಕಿನ್ನಿಕಂಬಳ ಪದ್ಮನಾಭ ರಾವ್. ಕಿನ್ನಿಕಂಬಳ ಇಲ್ಲೇ ಮಂಗಳೂರಿನ ಹೊರವಲಯದ ಊರು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಸೇಡಿಯಾಪು ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟವರು. ಯಾವ ಕಂಪನಿಯ ಯಾವ ಸಿಸ್ಟಮ್ ಆದರೂ ಕನ್ನಡದವರ ಬೆರಳು ಓಡುವುದು ಹೆಚ್ಚಾಗಿ ಈ ಕಿನ್ನಿಕಂಬಳದ ದಾರಿಯಲ್ಲೇ. ಗಂಡ ಹೆಂಡತಿ ಇಬ್ಬರೂ ಸುಮ್ಮನಾದರು. ಊರಿನ ಅಭಿಮಾನಕ್ಕೆ ತಾಗಿದರೆ ನಮ್ಮಲ್ಲಿ ಯಾವ ವಾದವೂ ಮುಂದುವರಿಯುವುದಿಲ್ಲ. ಈಚೆಗೆ, 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು–ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ. ಇನ್ನು ತುಳು ಲಿಪಿಯಲ್ಲಿ ಆಮಂತ್ರಣ ಬೇಕೆನ್ನುವ ಗಿರಾಕಿ ಬಂದ ದಿನ ಪೇಜ್‌ಮೇಕರ್ ಏನು ಹೇಳುತ್ತದೆಂದು ನೋಡಲು ನಾನು ಕಾಯುತ್ತಿದ್ದೇನೆ.

"ಇಷ್ಟೆಲ್ಲ ರಗಳೆ ಯಾಕೆ, ವಿಂಡೋಸನ್ನು ಲಿನಕ್ಸಿನ ಒಳಗೇ ವರ್ಚುವಲ್ ಮೆಷಿನಿನಲ್ಲಿ ಓಡಿಸಬಹುದಲ್ಲ" ಎನ್ನುವ ಬುದ್ಧಿವಂತರು ಓದುಗರಲ್ಲಿ ಇದ್ದೇ ಇರುತ್ತೀರಿ. ಓಡಿಸಬಹುದು. ಹೊಸ ಪೆಟ್ಟಿಗೆಯಲ್ಲಿ 16 ಜಿಬಿ ರ‍್ಯಾಮ್ ಇದ್ದರೆ ಅದೇ ಒಳ್ಳೆಯದು. ನಮ್ಮ ಅಳಿಯನದ್ದು 4 ಜಿಬಿ. ಅದರಲ್ಲಿ ಒಂದಕ್ಕೇ ಉಸಿರು ಕಟ್ಟುತ್ತದೆ. ವೈನ್ ಎಂಬುದೂ ಉಂಟು, ವಿಂಡೋಸಿನ ಪ್ರೋಗ್ರಾಮನ್ನು ವಿಂಡೋಸ್ ಇಲ್ಲದೆ ಲಿನಕ್ಸಿನಲ್ಲಿ ಓಡಿಸುವಂಥದ್ದು. ಬ್ರಹ್ಮಕಲಶದ ಹಿಂದಿನ ರಾತ್ರಿ ಪ್ರಯೋಗ ಮಾಡುವ ಧೈರ್ಯ ಇದ್ದವರು ಮಾಡಿ ನೋಡಿ.

ಎರಡು ಇಟ್ಟುಕೊಂಡು ಒಂದನ್ನು ಕಳೆದುಕೊಂಡವರಿಗೆ ಒಂದು ಸಮಾಧಾನ ಹೇಳುತ್ತೇನೆ. ಲಿನಕ್ಸನ್ನು ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಕೂಡ 1991ರಲ್ಲಿ ತಮ್ಮ 386 ಪೆಟ್ಟಿಗೆಯಲ್ಲಿ ಎರಡು ಇಟ್ಟುಕೊಂಡವರೇ: ಮೊದಲಿನ ಮಿನಿಕ್ಸ್ ಒಂದು ಕಡೆ, ತಾವೇ ಕಟ್ಟುತ್ತಿದ್ದ ಎಳೇ ಲಿನಕ್ಸ್ ಇನ್ನೊಂದು ಕಡೆ. ಒಮ್ಮೆ ಮೋಡೆಮಿನಿಂದ ವಿಶ್ವವಿದ್ಯಾಲಯಕ್ಕೆ ಫೋನ್ ಹಚ್ಚಲು ಹೋಗಿ, ನಂಬರ್ ತಿರುಗಿಸುವ ಆಜ್ಞೆಯನ್ನು ಹಾರ್ಡ್‌ಡಿಸ್ಕಿಗೇ ಕಳಿಸಿಬಿಟ್ಟರು. ಮಿನಿಕ್ಸಿನ ಪಾಲು ಅಲ್ಲಿಗೆ ಅಳಿಸಿಹೋಯಿತು. ಮತ್ತೆ ಹಾಕುವ ಬದಲು, ಹೇಗೂ ಹೋಯಿತಲ್ಲ ಎಂದು ಲಿನಕ್ಸನ್ನೇ ಬೆಳೆಸಿದರು. ದೊಡ್ಡವರು ಕೂಡ ಎರಡರಲ್ಲಿ ಒಂದನ್ನು ಬುದ್ಧಿಯಿಂದ ಆರಿಸಲಿಲ್ಲ ನೋಡಿ.

ಮೈಕ್ರೋಸಾಫ್ಟಿನವರಿಂದಲೂ ಇಂಥದ್ದು ಆದದ್ದುಂಟು. 2024ರ ಆಗಸ್ಟಿನಲ್ಲಿ ಬಂದ ವಿಂಡೋಸಿನ ಸೆಕ್ಯೂರಿಟಿ ಅಪ್‌ಡೇಟು, ಎರಡು ಸಿಸ್ಟಮ್ ಇದ್ದ ಪೆಟ್ಟಿಗೆಗಳನ್ನು ಮುಟ್ಟುವುದಿಲ್ಲ ಎಂಬ ಭರವಸೆಯೊಂದಿಗೇ ಬಂದು, ಜಗತ್ತಿನಾದ್ಯಂತ ಹಲವರ ಲಿನಕ್ಸಿನ ಬಾಗಿಲು ಮುಚ್ಚಿಸಿತು. ಎಲ್ಲೋ ಗಂಭೀರವಾಗಿ ಎಡವಟ್ಟಾಗಿದೆ ಎಂಬರ್ಥದ ಒಂದು ಸಾಲು ತೋರಿಸಿ ಪೆಟ್ಟಿಗೆ ಕಣ್ಣುಮುಚ್ಚುತ್ತಿತ್ತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಅಷ್ಟರವರೆಗೆ ಸೆಕ್ಯೂರ್ ಬೂಟ್ ಆರಿಸಿ ದಿನ ದೂಡಿದವರು ಕೆಲವರು, ಪಂಕ್ತಿಯಲ್ಲಿ ಮೌನವಾಗಿ ಊಟ ಮಾಡಿದವರು ಕೆಲವರು.

ಇನ್ನು ನನ್ನ ತೀರ್ಪಿನ ಎರಡನೇ ಭಾಗ. ಗ್ರಬ್‌ನ ಪಟ್ಟಿಯಲ್ಲಿ ಮೊದಲ ಸಾಲು ಯಾರದ್ದು ಎಂಬ ತಕರಾರು ಮುಗಿಯಲಿಲ್ಲ. ಅಂಗಡಿ ನನ್ನದು ಎಂದು ಅವನು, ಹಾಕಿದ್ದು ನಾನು ಎಂದು ಅವಳು. ಗ್ರಬ್‌ನಲ್ಲಿ ಒಂದು ಸೌಕರ್ಯ ಉಂಟು: ಹಿಂದಿನ ಸಲ ಯಾವುದನ್ನು ಆರಿಸಿದ್ದರೋ ಅದನ್ನೇ ನೆನಪಿಟ್ಟು ಮುಂದಿನ ಸಲ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಪಕ್ಷಪಾತವೇ ಇಲ್ಲ. ಅದನ್ನು ಹಾಕಿಸಿ ಎದ್ದು ಬಂದೆ. ಎರಡು ಇಟ್ಟುಕೊಂಡವರ ಬಂಡವಾಳ ಪತ್ತೆ ಮಾಡಲು ನಾನು ಸಾಮಾನ್ಯವಾಗಿ ಬಳಸುವ ಉಪಾಯ ಬೇರೆ. ಯಾವುದನ್ನು ತೆರೆದ ಕೂಡಲೇ ತಿಂಗಳುಗಟ್ಟಲೆ ಬಾಕಿ ಇದ್ದ ಅಪ್‌ಡೇಟುಗಳು ಸುರಿಯುತ್ತವೋ ಅದನ್ನು ಅವರು ಮುಟ್ಟುವುದಿಲ್ಲ ಎಂದು ಲೆಕ್ಕ. ನೆಟ್ಟೇ ಇಲ್ಲದ ವಿಂಡೋಸಿಗೆ ಆ ಉಪಾಯ ನಡೆಯದು. ಗ್ರಬ್‌ನ ನೆನಪಿನ ಶಕ್ತಿ ನಡೆಯಿತು.

ಒಂದು ಶನಿವಾರ ಸೊಸೆ ತವರಿಗೆ ಹೋಗಿದ್ದಳು. ನಾನು ಒಂದು ಕಾಗದ ಮುದ್ರಿಸಿಕೊಳ್ಳಲು ಹೋಗಿ ಪೆಟ್ಟಿಗೆ ಒತ್ತಿದರೆ ಬಾಣ ನೆಟ್ಟಗೆ ಉಬುಂಟುವಿನ ಮೇಲೆ. ಎರಡು ದಿನದಿಂದ ಅದನ್ನು ಮುಟ್ಟಿದ್ದವನು ಅಳಿಯ ಒಬ್ಬನೇ. ಮುಖ ನೋಡಿದೆ. "ಪ್ರಿಂಟರು ಅದರಲ್ಲಿ ಸಲೀಸು ಮಾವ. ಪಿಡಿಎಫ್ ಎಲ್ಲ ಈಗ ಅದರಲ್ಲೇ ತೆಗೆಯುದು. ಅವಳಿಗೆ ಹೇಳ್ಬೇಡಿ, ಮತ್ತೆ ತಲೆ ಮೇಲೆ ಕೂರ್ತಾಳೆ" ಎಂದ. ಇನ್ನೊಂದು ಬೆಳಿಗ್ಗೆ ಅವನು ಧರ್ಮಸ್ಥಳಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಒತ್ತಿದರೆ ಬಾಣ ವಿಂಡೋಸಿನ ಮೇಲೆ! ಹಿಂದಿನ ರಾತ್ರಿ ಆ ಕೋಣೆಯಲ್ಲಿ ದೀಪ ಉರಿಯುತ್ತಿದ್ದದ್ದನ್ನು ತಂಗಿ ನೋಡಿದ್ದಳು, ಉತ್ತರಪತ್ರಿಕೆ ತಿದ್ದುತ್ತಿದ್ದಾಳೆಂದು ಪಾಪ ಹಾಲು ಬಿಸಿಮಾಡಿ ಕೊಟ್ಟಿದ್ದಳಂತೆ. ಸೊಸೆ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟವಳು ನಿಂತಳು. "ಸಾಲಿಟೇರ್ ಮಾವ. ಲಿನಕ್ಸಿನಲ್ಲೂ ಉಂಟು, ಆದರೆ ಇದರ ಹಾಗೆ ಆಗುದಿಲ್ಲ. ಇವರಿಗೆ ಹೇಳ್ಬೇಡಿ" ಎಂದಳು. 1990ರ ವಿಂಡೋಸ್ 3.0ರಿಂದ ಎಷ್ಟೋ ಆಫೀಸುಗಳ ಕೆಲಸ ಕೆಡಿಸಿದ ಇಸ್ಪೀಟು, ಕೇರಳದ ಶಾಲಾ ನೀತಿಯನ್ನೂ ಒಂದು ರಾತ್ರಿಯ ಮಟ್ಟಿಗೆ ಸೋಲಿಸಿತ್ತು.

ಇಬ್ಬರಿಗೂ ಮಾತು ಕೊಟ್ಟಿದ್ದೇನೆ. ಪಂಚಾತಿಕೆಯವನ ಬಾಯಿ ಗಟ್ಟಿ ಇರಬೇಕಲ್ಲ. ಅವನಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಬರೆದೆ, ಅಷ್ಟೇ.